ಹಳೆಯ ಟೇಪಿನ ಬದಲಿಗೆ ಎಂಥ ಸ್ಟೀರಿಯೊ?
ಕಾರಿನಲ್ಲಿ ಕನ್ನಡ ಕೇಳಬಯಸುವ ಗಡಿನಾಡಿನ ಕುಟುಂಬಗಳಿಗೊಂದು ಕೈಪಿಡಿ

ತುಂಗಭದ್ರೆಯ ದಂಡೆಯ ಮೇಲಿರುವ ರಾಜೋಳಿ ನೇಕಾರರ ಊರು. ಗದ್ವಾಲ ಸೀರೆ ಎಂಬ ಹೆಸರಿನಿಂದ ದೂರದ ಪೇಟೆಗಳನ್ನು ಮುಟ್ಟುವ ಬಟ್ಟೆಯಲ್ಲಿ ಇಲ್ಲಿನ ಮಗ್ಗಗಳ ದುಡಿಮೆಯೂ ಸೇರಿದೆ. ಹೊಳೆಯ ಆಚೆ ದಂಡೆ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆ. ಪಶ್ಚಿಮದ ದಾರಿ ಹಿಡಿದರೆ ಕರ್ನಾಟಕದ ರಾಯಚೂರು ಜಿಲ್ಲೆ. ರಾಜೋಳಿಯಿಂದ ಗದ್ವಾಲ, ಮಕ್ತಲ್, ನಾರಾಯಣಪೇಟೆಯವರೆಗೆ ಹರಡಿರುವ ಕನ್ನಡದ ಮನೆಗಳ ಮಕ್ಕಳಿಗೆ ಎರಡು ಭಾಷೆಗಳೂ ನಾಲಗೆಯ ಮೇಲಿವೆ. ಆದರೆ ಪಠ್ಯಪುಸ್ತಕವನ್ನು ಮುಚ್ಚಿದ ಮೇಲೆ ಕನ್ನಡವು ಅವರ ಕಿವಿಗೆ ಬೀಳುವ ಹೊತ್ತು ಕಡಿಮೆ. ಸಂತೆ, ಬಸ್ಸು, ದೂರದರ್ಶನ, ಕಚೇರಿ ಎಲ್ಲೆಡೆ ತೆಲುಗಿನದೇ ಓಡಾಟ. ಮನೆಮಂದಿಯೆಲ್ಲ ಒಂದೆಡೆ ಕುಳಿತು, ಕೈಯಲ್ಲಿ ಬೇರೆ ಕೆಲಸವಿಲ್ಲದೆ, ಏನನ್ನಾದರೂ ಕೂಡಿ ಕೇಳಲು ಸಿಗುವ ಹೊತ್ತೆಂದರೆ ಪ್ರಯಾಣದ ಹೊತ್ತು. ಮಂತ್ರಾಲಯಕ್ಕೋ ರಾಯಚೂರಿಗೋ ಬೀಗರ ಮನೆಗೋ ಹೋಗಿಬರುವ ಆ ಒಂದೆರಡು ತಾಸು ಕಾರಿನೊಳಗೆ ಏನು ಕೇಳಿಸುತ್ತದೆ ಎಂಬುದು ಆದಕಾರಣ ಸಣ್ಣ ಮಾತಲ್ಲ.

ಹಳೆಯ ಕಾರುಗಳಲ್ಲಿ ಕ್ಯಾಸೆಟ್ಟಿನ ಟೇಪು ಕೆಟ್ಟು ಕುಳಿತಿರುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಕೆಲವೊಮ್ಮೆ ಬರಿಯ ಗೂಡು ಮಾತ್ರ ದೊರೆಯುತ್ತದೆ. ಅದನ್ನು ತುಂಬಿಸಲು ಅಂಗಡಿಗೆ ಹೋದವರಿಗೆ ದೊಡ್ಡ ಪರದೆಯ, ಬಣ್ಣದ ದೀಪದ, ನೂರಾರು ವ್ಯಾಟಿನ ಸೆಟ್ಟುಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಅವುಗಳ ಬೆಲೆ ಕೇಳುವುದಕ್ಕೆ ಮೊದಲು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಮನೆಯಲ್ಲಿರುವ ಹಾಡು ಮತ್ತು ಮಾತು ಯಾವುದರಲ್ಲಿ ತುಂಬಿವೆ? ಮೊಬೈಲಿನಲ್ಲಿಯೋ, ಪೆನ್ ಡ್ರೈವಿನಲ್ಲಿಯೋ, ಹಳೆಯ ಐಪಾಡಿನಲ್ಲಿಯೋ, ಚಿಕ್ಕ ಎಂ.ಪಿ.3 ಪ್ಲೇಯರಿನಲ್ಲಿಯೋ? ಅದರೊಂದಿಗೆ ಸರಿಯಾಗಿ ಹೊಂದುವ ಸ್ಟೀರಿಯೊ ಒಳ್ಳೆಯದು. ಹೊಂದದ ಸ್ಟೀರಿಯೊ ಎಷ್ಟೇ ಬೆಲೆಯದಾದರೂ ವ್ಯರ್ಥ.

ರೇಡಿಯೊ ಒಂದನ್ನೇ ನಂಬಲಾಗದು

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅಲ್ಲಿಯವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಮೆಹಬೂಬನಗರ ಜಿಲ್ಲೆಗೆ ಹೋದವು. ಕಾಗದದ ಮೇಲಿನ ಆ ಗೆರೆಯನ್ನು ರೇಡಿಯೊ ಅಲೆಗಳು ಬಹುಕಾಲ ಲೆಕ್ಕಿಸಲಿಲ್ಲ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಮತ್ತು ಅನಂತರ ಬಂದ ಕಲಬುರಗಿ ನಿಲಯದ ಮಧ್ಯಮ ತರಂಗ ಪ್ರಸಾರವು ನೆಲವನ್ನು ಅನುಸರಿಸಿ ಬಹುದೂರ ಸಾಗಬಲ್ಲದು. ಎಫ್.ಎಂ. ಅಲೆಯ ಸ್ವಭಾವ ಬೇರೆ. ಅದು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುವುದರಿಂದ ದೂರ ಹೆಚ್ಚಿದಂತೆ, ಗುಡ್ಡ ಅಡ್ಡ ಬಂದಂತೆ ಕ್ಷೀಣಿಸುತ್ತದೆ. ರಾಜೋಳಿಗೆ ಕರ್ನೂಲು ಹತ್ತಿರ, ರಾಯಚೂರು ದೂರ. ರಾಯಚೂರು ಆಕಾಶವಾಣಿಯ ಕನ್ನಡ ತೆಳುವಾಗುತ್ತ ಹೋಗಿ, ಕರ್ನೂಲು ನಿಲಯದ ತೆಲುಗು ಸ್ಪಷ್ಟವಾಗುತ್ತ ಬರುವುದು ಭೌತಶಾಸ್ತ್ರದ ನಿಯಮ; ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ.

ಹೊಸ ಸ್ಟೀರಿಯೊಗಳಲ್ಲಿ, ವಿಶೇಷವಾಗಿ ಕಡಿಮೆ ಬೆಲೆಯವುಗಳಲ್ಲಿ, ಎಫ್.ಎಂ. ಮಾತ್ರ ಇದ್ದು ಮಧ್ಯಮ ತರಂಗವನ್ನು ಕೈಬಿಟ್ಟಿರುವುದುಂಟು. ಆಕಾಶವಾಣಿ ಕೇಳುವ ರೂಢಿಯಿರುವ ಹಿರಿಯರು ಮನೆಯಲ್ಲಿದ್ದರೆ ಪೆಟ್ಟಿಗೆಯ ಮೇಲೆ ಎ.ಎಂ. ಎಂಬ ಅಕ್ಷರಗಳಿವೆಯೇ ಎಂದು ನೋಡಿಕೊಳ್ಳಬೇಕು. ಅಮೆರಿಕದಲ್ಲಿರುವ ಮಗನೋ ಅಳಿಯನೋ ತಂದುಕೊಟ್ಟ ಸೆಟ್ಟಾದರೆ ಇನ್ನೊಂದು ತೊಡಕಿದೆ. ಅಲ್ಲಿ ಮಧ್ಯಮ ತರಂಗದ ನಿಲಯಗಳ ನಡುವಿನ ಅಂತರ 10 ಕಿಲೋಹರ್ಟ್ಸ್, ನಮ್ಮಲ್ಲಿ 9. ಎಫ್.ಎಂ.ನಲ್ಲಿಯೂ ಅಲ್ಲಿನ ಸೆಟ್ಟು ದಶಮಾಂಶದ ಬೆಸ ಅಂಕಿಗಳಲ್ಲಿ ಮಾತ್ರ ನಿಲ್ಲುತ್ತದೆ. ಸೆಟ್ಟಿನೊಳಗೆ ಪ್ರದೇಶವನ್ನು ಬದಲಿಸುವ ಸೌಲಭ್ಯ ಇಲ್ಲದಿದ್ದರೆ ಇಲ್ಲಿನ ಎಷ್ಟೋ ನಿಲಯಗಳು ಅದಕ್ಕೆ ಸಿಕ್ಕುವುದೇ ಇಲ್ಲ.

ಹೀಗಿರುವಾಗ ಗಡಿಯ ಈಚೆಗಿನ ಕಾರಿನಲ್ಲಿ ಕನ್ನಡವು ದಾರಿಯುದ್ದಕ್ಕೂ ಕೇಳಿಸಬೇಕಾದರೆ ಅದನ್ನು ಜೊತೆಯಲ್ಲಿಯೇ ಒಯ್ಯಬೇಕು. ಸ್ಟೀರಿಯೊದಲ್ಲಿರುವ ಒಂದು ಸಣ್ಣ ತೂತು, ಅಂದರೆ ಹೊರಗಿನ ಸಂಗೀತಯಂತ್ರವನ್ನು ಜೋಡಿಸುವ ಕಿಂಡಿ, ಉಳಿದವರಿಗೆ ಒಂದು ಅನುಕೂಲವಾದರೆ ಇಲ್ಲಿನವರಿಗೆ ಮುಖ್ಯ ಬಾಗಿಲು.

ಕಿಸೆಗೆ ಬಂದ ಸಂಗೀತ

ಕಾರಿನಲ್ಲಿ ರೇಡಿಯೊ ಕೂರಿಸುವ ವ್ಯವಹಾರವು ದೊಡ್ಡದಾದದ್ದು 1930ರಲ್ಲಿ ಅಮೆರಿಕದಲ್ಲಿ ಮೊಟೊರೊಲಾ ಹೆಸರಿನ ಸೆಟ್ಟು ಬಂದ ಮೇಲೆ. 1963ರಲ್ಲಿ ಫಿಲಿಪ್ಸ್ ಕಂಪನಿಯು ಚಿಕ್ಕ ಕ್ಯಾಸೆಟ್ಟನ್ನು ಹೊರತಂದಿತು. 1979ರಲ್ಲಿ ಸೋನಿ ಕಂಪನಿಯ ವಾಕ್‌ಮನ್ ಬಂದು ಹಾಡು ಕಿಸೆ ಸೇರಿತು. 1998ರಲ್ಲಿ ಎಂ.ಪಿ.3 ಪ್ಲೇಯರುಗಳು, 2001ರ ಅಕ್ಟೋಬರಿನಲ್ಲಿ ಆ್ಯಪಲ್ ಕಂಪನಿಯ ಐಪಾಡು ಬಂದವು. ಆ ಐಪಾಡಿನ ತಯಾರಿಕೆಯೂ 2022ರಲ್ಲಿ ಮುಗಿಯಿತು. ಅದರ ಕೆಲಸವನ್ನು ಮೊಬೈಲು ವಹಿಸಿಕೊಂಡಿದೆ. ಕಾರು ಹದಿನೈದು-ಇಪ್ಪತ್ತು ವರ್ಷ ಬಾಳುತ್ತದೆ, ಸಂಗೀತಯಂತ್ರ ನಾಲ್ಕೈದು ವರ್ಷಕ್ಕೆ ಬದಲಾಗುತ್ತದೆ ಎಂಬುದು ಈ ಚರಿತ್ರೆಯ ಪಾಠ. ಒಂದೇ ಬಗೆಯ ಯಂತ್ರಕ್ಕೆ ಕಟ್ಟುಬಿದ್ದ ಸ್ಟೀರಿಯೊಕ್ಕಿಂತ ಎರಡು-ಮೂರು ಬಗೆಯ ಜೋಡಣೆಗೆ ಅವಕಾಶವಿರುವ ಸ್ಟೀರಿಯೊ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ.

ಜೋಡಣೆಯ ಬಗೆಗಳು

ಎಲ್ಲಕ್ಕಿಂತ ಸರಳವಾದುದು ಆಕ್ಸ್ ಕಿಂಡಿ. ಇಯರ್‌ಫೋನ್ ಸಿಕ್ಕಿಸುವ 3.5 ಮಿ.ಮೀ. ತೂತು ಇರುವ ಯಾವ ಯಂತ್ರವನ್ನಾದರೂ ಒಂದು ಅಗ್ಗದ ವೈರಿನಿಂದ ಇದಕ್ಕೆ ಜೋಡಿಸಬಹುದು. ಹಳೆಯ ಪ್ಲೇಯರು, ವಾಕ್‌ಮನ್, ಧ್ವನಿಮುದ್ರಣ ಯಂತ್ರ ಯಾವುದಾದರೂ ಸರಿ. ಇಲ್ಲಿ ಹೊಂದಾಣಿಕೆಯ ಪ್ರಶ್ನೆಯೇ ಏಳುವುದಿಲ್ಲ. ಹಾಡು ಬದಲಿಸಲು ಮಾತ್ರ ಆ ಯಂತ್ರವನ್ನೇ ಕೈಗೆತ್ತಿಕೊಳ್ಳಬೇಕು. ಆದ್ದರಿಂದ ಆ ಕೆಲಸವು ಪಕ್ಕದಲ್ಲಿ ಕುಳಿತವರದು, ಚಾಲಕರದಲ್ಲ. ಯಂತ್ರದ ಧ್ವನಿಯನ್ನು ಮುಕ್ಕಾಲು ಭಾಗಕ್ಕೆ ಇಟ್ಟು ಉಳಿದದ್ದನ್ನು ಸ್ಟೀರಿಯೊದಲ್ಲಿ ಹೆಚ್ಚಿಸಿಕೊಂಡರೆ ಬುಸ್ಸೆನ್ನುವ ಸದ್ದು ಕಡಿಮೆ. ಅದೇ ಹೊತ್ತಿಗೆ ಚಾರ್ಜಿಗೂ ಹಾಕಿದಾಗ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಕುಂಯ್‌ಗುಟ್ಟುವ ಸದ್ದು ಬಂದರೆ ಅದು ಎರಡು ದಾರಿಗಳಲ್ಲಿ ಅರ್ತಿಂಗ್ ಆದದ್ದರ ಫಲ. ಚಾರ್ಜರನ್ನು ಕಿತ್ತು ನೋಡಿದರೆ ಗೊತ್ತಾಗುತ್ತದೆ.

ಎರಡನೆಯದು ಯು.ಎಸ್.ಬಿ. ಕಿಂಡಿ. ಇಲ್ಲಿ ಮೋಸ ಹೋಗುವವರು ಹೆಚ್ಚು. ಪೆನ್ ಡ್ರೈವನ್ನು ಓದುವ ಸ್ಟೀರಿಯೊ ಐಪಾಡನ್ನೋ ಮೊಬೈಲನ್ನೋ ಓದುತ್ತದೆಂದು ನಂಬಬಾರದು. ಆಂಡ್ರಾಯ್ಡ್ ಮೊಬೈಲುಗಳು ತಮ್ಮ ಕಡತಗಳನ್ನು ಬೇರೊಂದು ಪದ್ಧತಿಯಲ್ಲಿ ಒಪ್ಪಿಸುತ್ತವೆ. ಅದನ್ನರಿಯದ ಸ್ಟೀರಿಯೊಕ್ಕೆ ಜೋಡಿಸಿದರೆ ಮೊಬೈಲು ಚಾರ್ಜ್ ಆಗುತ್ತದೆ, ಹಾಡುವುದಿಲ್ಲ. ಐಪಾಡಿಗೂ ಐಫೋನಿಗೂ ಸ್ಟೀರಿಯೊ ಅವುಗಳಿಗೆಂದೇ ಸಿದ್ಧವಾಗಿರಬೇಕು. ಯಾವ ಯಾವ ಮಾದರಿಗಳು ನಡೆಯುತ್ತವೆ ಎಂಬ ಪಟ್ಟಿಯನ್ನು ಸ್ಟೀರಿಯೊದ ಕೈಪಿಡಿಯಲ್ಲಿಯೇ ನೋಡಬೇಕು. ಆ್ಯಪಲ್ ಕಂಪನಿಯು 2012ರಲ್ಲೊಮ್ಮೆ, 2023ರಲ್ಲಿ ಮತ್ತೊಮ್ಮೆ ತನ್ನ ಫೋನುಗಳ ಕಿಂಡಿಯನ್ನು ಬದಲಿಸಿರುವುದರಿಂದ ವೈರೂ ಆಯಾ ಮಾದರಿಗೆ ತಕ್ಕದ್ದಾಗಬೇಕು.

ಮೂರನೆಯದು ಬ್ಲೂಟೂತ್. ವೈರಿನ ಗೊಡವೆಯಿಲ್ಲ, ಈಗಿನ ಎಲ್ಲ ಮೊಬೈಲುಗಳಿಗೂ ಹೊಂದುತ್ತದೆ. ಆದರೆ ಕೆಲವು ಹಳೆಯ ಸ್ಟೀರಿಯೊಗಳ ಬ್ಲೂಟೂತ್ ಫೋನಿನ ಮಾತಿಗೆ ಮಾತ್ರ, ಹಾಡಿಗಲ್ಲ. ಸಂಗೀತವನ್ನು ಸಾಗಿಸುವ ಪದ್ಧತಿಗೆ ಎ2ಡಿಪಿ ಎಂದು ಹೆಸರು. ಸ್ಟೀರಿಯೊದ ಗುಂಡಿಯಿಂದಲೇ ಹಾಡು ಬದಲಿಸಲು ಬೇಕಾದುದು ಎವಿಆರ್‌ಸಿಪಿ. ಈ ಎರಡು ಹೆಸರುಗಳು ಕೈಪಿಡಿಯಲ್ಲಿವೆಯೇ ಎಂದು ನೋಡಿದರೆ ಸಾಕು. ಚಿಕ್ಕ ಎಂ.ಪಿ.3 ಪ್ಲೇಯರುಗಳಲ್ಲಿ ಬಹುಪಾಲಿಗೆ ಬ್ಲೂಟೂತ್ ಇಲ್ಲ, ಹೊಸ ಮೊಬೈಲುಗಳಲ್ಲಿ ಅನೇಕಕ್ಕೆ ಇಯರ್‌ಫೋನಿನ ತೂತಿಲ್ಲ. ಒಂದೇ ಮನೆಯಲ್ಲಿ ಅಜ್ಜಿಯ ಪ್ಲೇಯರೂ ಮೊಮ್ಮಗನ ಮೊಬೈಲೂ ಇರುವುದರಿಂದ ಆಕ್ಸ್, ಯು.ಎಸ್.ಬಿ., ಬ್ಲೂಟೂತ್ ಮೂರೂ ಇರುವ ಸೆಟ್ಟೇ ಕುಟುಂಬಕ್ಕೆ ತಕ್ಕದ್ದು.

ಹಳೆಯ ಟೇಪು ಇನ್ನೂ ತಿರುಗುತ್ತಿದ್ದರೆ ಅದನ್ನು ಬದಲಿಸದೆಯೂ ಇರಬಹುದು. ಕ್ಯಾಸೆಟ್ಟಿನ ಆಕಾರದಲ್ಲಿ ಬರುವ, ಬಾಲದಂತೆ ವೈರು ಇರುವ ಅಡಾಪ್ಟರನ್ನು ಟೇಪಿನೊಳಗೆ ತೂರಿಸಿ, ವೈರನ್ನು ಪ್ಲೇಯರಿಗೆ ಸಿಕ್ಕಿಸಿದರೆ ಹಾಡು ಕೇಳುತ್ತದೆ. ಸಿಗರೇಟ್ ಲೈಟರಿನ ತೂತಿಗೆ ಹಾಕುವ ಎಫ್.ಎಂ. ಟ್ರಾನ್ಸ್‌ಮಿಟರು ಇನ್ನೊಂದು ದಾರಿ. ಅದಕ್ಕೆ ಯಾವ ನಿಲಯವೂ ಇಲ್ಲದ ಖಾಲಿ ಜಾಗವೊಂದು ಎಫ್.ಎಂ. ಪಟ್ಟಿಯಲ್ಲಿ ಬೇಕು. ಒಂದು ನಿಲಯದ ವ್ಯಾಪ್ತಿಯಿಂದ ಇನ್ನೊಂದರ ವ್ಯಾಪ್ತಿಗೆ ದಾಟುವ ದಾರಿಯಲ್ಲಿ ಅಂಥ ಜಾಗ ನಡುದಾರಿಯಲ್ಲಿಯೇ ಕೈತಪ್ಪಬಹುದು. ತಾತ್ಕಾಲಿಕಕ್ಕೆ ಇವೆರಡೂ ಸರಿ.

ಪರದೆಯ ಮೇಲೆ ಕನ್ನಡದ ಅಕ್ಷರ

ಕನ್ನಡದಲ್ಲಿ ಹೆಸರು ಬರೆದಿಟ್ಟ ಹಾಡುಗಳನ್ನು ಪೆನ್ ಡ್ರೈವಿಗೆ ತುಂಬಿ ಸ್ಟೀರಿಯೊಕ್ಕೆ ಹಾಕಿದಾಗ ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳೋ ಖಾಲಿ ಚೌಕಗಳೋ ಕಾಣುವುದು ಸಾಮಾನ್ಯ. ಕಡಿಮೆ ಬೆಲೆಯ ಸೆಟ್ಟುಗಳ ಪರದೆಗೆ ರೋಮನ್ ಲಿಪಿಯ ಹೊರತು ಬೇರೆ ಲಿಪಿ ತಿಳಿಯದು. ಇದರಿಂದ ಹಾಡು ಕೆಡುವುದಿಲ್ಲ, ಹುಡುಕುವುದು ಕಷ್ಟವಾಗುತ್ತದೆ. ಕಡತದ ಹೆಸರಿನ ಮೊದಲಿಗೆ 01, 02, 03 ಎಂದು ಅಂಕಿ ಸೇರಿಸಿ, ಯಾವ ಅಂಕಿಗೆ ಯಾವ ಹಾಡು ಎಂಬುದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿಯೇ ಬರೆದು ಕಾರಿನಲ್ಲಿ ಇಟ್ಟುಕೊಳ್ಳುವುದು ಸುಲಭದ ಉಪಾಯ. ಆ ಚೀಟಿ ಬರೆಯುವ ಕೆಲಸವನ್ನು ಶಾಲೆಯ ಮಕ್ಕಳಿಗೆ ಒಪ್ಪಿಸಿದರೆ ಅವರ ಬರವಣಿಗೆಗೂ ಒಂದು ಸಾರ್ಥಕತೆ ಬರುತ್ತದೆ. ಎಷ್ಟೋ ಸೆಟ್ಟುಗಳು ಹಾಡುಗಳನ್ನು ಹೆಸರಿನ ಕ್ರಮದಲ್ಲಿ ನುಡಿಸದೆ ಪೆನ್ ಡ್ರೈವಿಗೆ ತುಂಬಿದ ಕ್ರಮದಲ್ಲಿ ನುಡಿಸುತ್ತವೆ. ಆದ್ದರಿಂದ ಅಂಕಿಯ ಕ್ರಮದಲ್ಲಿಯೇ ತುಂಬುವುದು ಒಳ್ಳೆಯದು. ಪೆನ್ ಡ್ರೈವು ಫ್ಯಾಟ್ 32 ಎಂಬ ಮಾದರಿಯಲ್ಲಿ ಸಿದ್ಧವಾಗಿದ್ದರೆ ಬಹುತೇಕ ಎಲ್ಲ ಸ್ಟೀರಿಯೊಗಳೂ ಅದನ್ನು ಓದುತ್ತವೆ.

ಗೂಡಿನ ಅಳತೆ, ವೈರಿನ ಬಣ್ಣ

ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಯೊ ಕೂರುವ ಗೂಡಿಗೆ ಲೋಕಮಾನ್ಯವಾದ ಅಳತೆಯಿದೆ. ಸಿಂಗಲ್ ಡಿನ್ ಎಂದರೆ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ, ಡಬಲ್ ಡಿನ್‌ಗೆ ಅಗಲ ಅಷ್ಟೇ, ಎತ್ತರ 100 ಮಿ.ಮೀ. ಕಾರಿನ ಗೂಡು ಚಿಕ್ಕದಿದ್ದರೆ ದೊಡ್ಡ ಪರದೆಗಾಗಿ ಡ್ಯಾಶ್‌ಬೋರ್ಡನ್ನು ಕೊಯ್ಯಿಸಬಾರದು. ಕೆಲವು ಹೊಸ ಕಾರುಗಳಲ್ಲಿ ಗೂಡು ಬೇರೆಯೇ ಆಕಾರದಲ್ಲಿದ್ದು ಆ ಮಾದರಿಗೆಂದೇ ಮಾಡಿದ ಚೌಕಟ್ಟು ಬೇಕಾಗುತ್ತದೆ.

ಜೋಡಣೆಯನ್ನು ತಿಳಿದ ಆಟೋ ಎಲೆಕ್ಟ್ರಿಷಿಯನ್ನಿಂದಲೇ ಮಾಡಿಸಬೇಕು. ಆದರೂ ಮನೆಯವರಿಗೆ ಒಂದಿಷ್ಟು ತಿಳಿವಳಿಕೆ ಇರುವುದು ಲೇಸು. ಹೊಸ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಹಳದಿ ವೈರು ಬ್ಯಾಟರಿಯಿಂದ ಸದಾ ಬರುವ 12 ವೋಲ್ಟಿಗೆ, ಕೆಂಪು ವೈರು ಕೀಲಿ ತಿರುಗಿಸಿದಾಗ ಮಾತ್ರ ಬರುವ ವಿದ್ಯುತ್ತಿಗೆ, ಕಪ್ಪು ವೈರು ಅರ್ತಿಂಗಿಗೆ. ಹಳದಿಯೂ ಕೆಂಪೂ ಅದಲುಬದಲಾದರೆ ಕೀಲಿ ತೆಗೆದಾಗಲೆಲ್ಲ ಸ್ಟೀರಿಯೊ ತನ್ನ ನೆನಪನ್ನು ಕಳೆದುಕೊಳ್ಳುತ್ತದೆ. ನಿಲಯಗಳನ್ನು ಮತ್ತೆ ಹುಡುಕಬೇಕಾಗುತ್ತದೆ. ಎರಡನ್ನೂ ಸದಾ ಬರುವ ವಿದ್ಯುತ್ತಿಗೆ ಸೇರಿಸಿಬಿಟ್ಟರೆ ಕಾರು ಕೆಲವು ದಿನ ನಿಂತಲ್ಲಿಯೇ ನಿಂತಾಗ ಬ್ಯಾಟರಿ ಇಳಿದುಹೋಗುತ್ತದೆ. ಕಾರಿನ ಮೂಲ ವೈರುಗಳನ್ನು ಕತ್ತರಿಸಿ ಟೇಪು ಸುತ್ತುವುದಕ್ಕಿಂತ ಆ ಕಾರಿಗೆ ಹೊಂದುವ ಕಪ್ಲರ್ ಕೊಂಡು ಜೋಡಿಸುವುದು ಕ್ಷೇಮ. ಹೊದಿಕೆ ಸವೆದು ಬಯಲಾದ ವೈರು ತಗಡಿಗೆ ತಾಗಿದರೆ ಬೆಂಕಿಯ ಭಯವಿದೆ. ಸರಿಯಾದ ಅಳತೆಯ ಫ್ಯೂಸನ್ನು ತಪ್ಪಿಸಿ ತಂತಿ ಸುತ್ತಿ ನಡೆಸುವುದು ಅದಕ್ಕಿಂತ ಅಪಾಯ. ಲಾರಿ ಮತ್ತು ದೊಡ್ಡ ವಾಹನಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುವುದರಿಂದ ಕಾರಿನ ಸ್ಟೀರಿಯೊವನ್ನು ಅಲ್ಲಿಗೆ ನೇರವಾಗಿ ಜೋಡಿಸಿದರೆ ಸುಟ್ಟೇಹೋಗುತ್ತದೆ.

ವ್ಯಾಟಿನ ಲೆಕ್ಕ

ಪೆಟ್ಟಿಗೆಯ ಮೇಲೆ 50 ವ್ಯಾಟ್ ಗುಣಿಸು 4 ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅದು ಕ್ಷಣಮಾತ್ರ ತೋರಬಲ್ಲ ಗರಿಷ್ಠ ಬಲ. ಎಡೆಬಿಡದೆ ಕೊಡಬಲ್ಲ ನಿಜವಾದ ಬಲವನ್ನು ಆರ್.ಎಂ.ಎಸ್. ಎಂಬ ಹೆಸರಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತಾರೆ. ಕಾರಿನ 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಸಾಧಾರಣ ಸ್ಟೀರಿಯೊದಲ್ಲಿ ಅದು ಒಂದೊಂದು ಸ್ಪೀಕರಿಗೆ 15ರಿಂದ 22 ವ್ಯಾಟ್ ಇದ್ದರೆ ಹೆಚ್ಚು. ಕಾರಿನೊಳಗಿನ ಐದು ಜನರಿಗೆ ಅಷ್ಟು ಧಾರಾಳವಾಗಿ ಸಾಕು. ಮಾತು, ಹರಿಕಥೆ, ಬಯಲಾಟದ ಸಂಭಾಷಣೆ ಸ್ಪಷ್ಟವಾಗಿ ಕೇಳಬೇಕಾದರೆ ಬೇಕಾದುದು ಹರಿಯದ ಸ್ಪೀಕರು, ಅಬ್ಬರವಲ್ಲ. ಹಳೆಯ ಕಾರಿನ ಸ್ಪೀಕರಿನ ಕಾಗದ ಹರಿದಿದ್ದರೆ ಹೊಸ ಸ್ಟೀರಿಯೊ ತಂದರೂ ಧ್ವನಿ ಒಡೆದೇ ಕೇಳುತ್ತದೆ. ಹಣವನ್ನು ಎರಡಕ್ಕೂ ಹಂಚಿಕೊಳ್ಳುವುದು ಜಾಣತನ.

ಪರದೆಯ ವಿಷಯದಲ್ಲಿಯೂ ಹೀಗೆಯೇ. ಬೆರಳಿನಿಂದ ಮುಟ್ಟಿ ನಡೆಸುವ ಪರದೆಯನ್ನು ನೋಡದೆ ಬಳಸಲಾಗದು, ತಿರುಗಿಸುವ ಗುಂಡಿಯನ್ನು ನೋಡದೆಯೇ ಬಳಸಬಹುದು. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಾರು ನಡೆಸುವವರ ಕಣ್ಣು ರಸ್ತೆಯ ಮೇಲಿರಬೇಕಾದುದರಿಂದ, ಪರದೆ ಇದ್ದರೂ ಧ್ವನಿಗೆ ಒಂದು ಗುಂಡಿ ಇರುವ ಸೆಟ್ಟನ್ನೇ ಆರಿಸುವುದು ಮೇಲು.

ಅಂಗಡಿಯಲ್ಲಿ ಪರೀಕ್ಷೆ

ಸ್ಟೀರಿಯೊ ಕೊಳ್ಳಲು ಹೋಗುವಾಗ ಮನೆಯ ಸಂಗೀತಯಂತ್ರವನ್ನು ಜೊತೆಯಲ್ಲಿಯೇ ಒಯ್ಯಬೇಕು. ಅಂಗಡಿಯವರ ಪೆನ್ ಡ್ರೈವಿನಲ್ಲಿ ಅವರ ಹಾಡು ಕೇಳಿ ಮೆಚ್ಚಿದರೆ ಪ್ರಯೋಜನವಿಲ್ಲ. ತಮ್ಮ ಯಂತ್ರವನ್ನೇ ಜೋಡಿಸಿ, ಹಾಡು ಮುಂದೆ ಹೋಗುತ್ತದೆಯೇ, ಕಪಾಟುಗಳು ತೆರೆಯುತ್ತವೆಯೇ ಎಂದು ನೋಡಬೇಕು. ತಾಸುಗಟ್ಟಲೆಯ ಒಂದು ಪ್ರವಚನವನ್ನೋ ಬಯಲಾಟವನ್ನೋ ಹಾಕಿ, ನಡುವೆ ವಿದ್ಯುತ್ ತೆಗೆದು ಮತ್ತೆ ಕೊಟ್ಟಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆಯೇ ಎಂಬುದನ್ನು ತಪ್ಪದೆ ಪರೀಕ್ಷಿಸಬೇಕು. ಪ್ರತಿ ಸಲವೂ ಮೊದಲಿನಿಂದ ಆರಂಭಿಸುವ ಸೆಟ್ಟಿನಲ್ಲಿ ದೀರ್ಘವಾದ ಕಥೆ ಎಂದಿಗೂ ಮುಗಿಯುವುದಿಲ್ಲ. ರಸೀದಿಯ ಮೇಲೆ ಮಾದರಿಯ ಸಂಖ್ಯೆಯನ್ನೂ ವಾರಂಟಿಯ ಕಾಲವನ್ನೂ ಬರೆಯಿಸಿಕೊಳ್ಳಬೇಕು. ವಾರಂಟಿಯ ರಿಪೇರಿಗೆ ಯಾವ ಊರಿಗೆ ಹೋಗಬೇಕೆಂಬುದನ್ನೂ ಕೇಳಬೇಕು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಮುಚ್ಚಿದ ಕಾರಿನೊಳಗೆ ಬ್ಯಾಟರಿಯಿರುವ ಪ್ಲೇಯರನ್ನು ಬಿಟ್ಟುಹೋಗಬಾರದು. ತನ್ನ ಯಂತ್ರಗಳನ್ನು 45 ಡಿಗ್ರಿಗೆ ಮೀರಿದ ಬಿಸಿಯಲ್ಲಿ ಇಡಬಾರದೆಂದು ಆ್ಯಪಲ್ ಕಂಪನಿಯೇ ಹೇಳುತ್ತದೆ.

ಏನನ್ನು ತುಂಬಬೇಕು?

ಸಾಧಾರಣ ಗುಣಮಟ್ಟದ ಎಂ.ಪಿ.3 ಒಂದು ನಿಮಿಷಕ್ಕೆ ಸುಮಾರು 1 ಎಂ.ಬಿ. ಜಾಗ ಹಿಡಿಯುತ್ತದೆ. 8 ಜಿ.ಬಿ. ಪೆನ್ ಡ್ರೈವಿನಲ್ಲಿ ನೂರಮೂವತ್ತು ತಾಸಿಗೂ ಹೆಚ್ಚಿನ ಕನ್ನಡವನ್ನು ಒಯ್ಯಬಹುದು. ತುಂಬಲು ಸರಕಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಮಾನವಿಯ ಜಗನ್ನಾಥದಾಸರ ಹರಿಕಥಾಮೃತಸಾರ ರಾಯಚೂರು ನೆಲದ ಕೃತಿ. ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರ ಹೆಸರು ಗದ್ವಾಲ ಸೀಮೆಯ ಉತ್ತನೂರಿನೊಂದಿಗೆ ಕೂಡಿಕೊಂಡಿದೆ. ಇಂದು ತೆಲಂಗಾಣದ ನಕಾಶೆಯಲ್ಲಿರುವ ಊರುಗಳಲ್ಲಿ ಕನ್ನಡದ ಪದಗಳು ಹುಟ್ಟಿದ್ದವು ಎಂಬುದನ್ನು ಮಕ್ಕಳು ಆ ಊರುಗಳ ಹಾದಿಯಲ್ಲಿಯೇ ಕೇಳುವಂತಾದರೆ ಅದಕ್ಕಿಂತ ಒಳ್ಳೆಯ ಪಾಠ ಯಾವುದು?

ಮನೆಯ ಪೆಟ್ಟಿಗೆಯಲ್ಲಿ ಉಳಿದಿರುವ ಹಳೆಯ ಕ್ಯಾಸೆಟ್ಟುಗಳನ್ನು ಎಸೆಯಬಾರದು. ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ, ಟೇಪ್‌ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರು ಜೋಡಿಸಿ, ಉಚಿತವಾಗಿ ದೊರೆಯುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಮುದ್ರಿಸಿಕೊಳ್ಳಬಹುದು. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು, ಅವಸರಕ್ಕೆ ಎಡೆಯಿಲ್ಲ. ಮದುವೆಯಲ್ಲಿ ಹೆಂಗಸರು ಹಾಡಿದ ಸೋಬಾನೆ, ತೀರಿಹೋದ ಹಿರಿಯರ ದನಿ ಅಂಥ ಕ್ಯಾಸೆಟ್ಟುಗಳಲ್ಲಿ ಉಳಿದಿರಬಹುದು. ಅವು ಯಾವ ಅಂಗಡಿಯಲ್ಲಿಯೂ ದೊರೆಯವು. ಬೀಸುವ ಪದ, ಕುಟ್ಟುವ ಪದ ಬಲ್ಲ ಅಜ್ಜಿಯರು ಇನ್ನೂ ಇರುವ ಮನೆಗಳಲ್ಲಿ ಮೊಬೈಲಿನಿಂದಲೇ ಅವರ ದನಿಯನ್ನು ಹಿಡಿದಿಡಬಹುದು. ಶಾಲೆಯ ಪದ್ಯಗಳನ್ನು ಮಕ್ಕಳೇ ಓದಿ ಮುದ್ರಿಸಿದರೆ ಮುಂದಿನ ಪ್ರಯಾಣದಲ್ಲಿ ತಮ್ಮ ದನಿಯನ್ನು ತಾವೇ ಕೇಳಿ, ಉಚ್ಚಾರದ ತಪ್ಪುಗಳನ್ನು ಹೇಳಿಸಿಕೊಳ್ಳದೆಯೇ ತಿದ್ದಿಕೊಳ್ಳುತ್ತಾರೆ.

ಇಷ್ಟಕ್ಕೆಲ್ಲ ಬೇಕಾದುದು ಗೂಡಿಗೆ ಸರಿಹೊಂದುವ, ಮೂರು ಬಗೆಯ ಜೋಡಣೆಯಿರುವ, ನಿಂತ ಜಾಗವನ್ನು ನೆನಪಿಡುವ ಒಂದು ಸಾಧಾರಣ ಸ್ಟೀರಿಯೊ ಮತ್ತು ಹರಿಯದ ಎರಡು ಸ್ಪೀಕರು. ದೊಡ್ಡ ಪರದೆಗೆ ಹೋಗಬಹುದಾಗಿದ್ದ ಹಣದಲ್ಲಿ ಉಳಿದದ್ದು ಮಕ್ಕಳ ಕನ್ನಡ ಪುಸ್ತಕಗಳಿಗಾದೀತು.